ಸಹಾಯ ಬೇಕು: ಯುರೋಪಿಯನ್ ಯೂನಿಯನ್ ಕಾನೂನು ಮಾಡುವ ರೀತಿಯನ್ನು ಅಧಿಕಾರಿಗಳಿಗೆ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು 20 ಜನ ಸರ್ಕಾರಿ ಅಧಿಕಾರಿಗಳಿಗೆ ಎರಡು ದಿನದ ತರಬೇತಿ ಕೊಡಬೇಕು. ಸಾಮಾನ್ಯವಾಗಿ ಕಮಿಷನ್ (ಯೂನಿಯನ್‌ನ ಕಾರ್ಯಾಂಗ) ಕರಡು ತರುತ್ತದೆ, ಪಾರ್ಲಿಮೆಂಟ್ ಮತ್ತು ಕೌನ್ಸಿಲ್ (ಸದಸ್ಯ ದೇಶಗಳ ಮಂತ್ರಿಗಳ ಸಭೆ) ಎರಡೂ ಒಪ್ಪಬೇಕು. ಇಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ.

ಕಳೆದ ಸಲ ಎಲ್ಲರೂ ಸಿಕ್ಕಿಹಾಕಿಕೊಂಡಿದ್ದು ಕೌನ್ಸಿಲ್ ಮತದಾನದಲ್ಲಿ. ಸಾಮಾನ್ಯವಾಗಿ 27ರಲ್ಲಿ 15 ದೇಶಗಳು ಹೂಂ ಅನ್ನಬೇಕು, ಆ ದೇಶಗಳಲ್ಲಿ ಒಟ್ಟು ಜನಸಂಖ್ಯೆಯ 65% ಕೂಡ ಇರಬೇಕು. ಜರ್ಮನಿ, ಫ್ರಾನ್ಸ್, ಇಟಲಿ ಮೂರೇ ಸೇರಿದರೆ ಜನಸಂಖ್ಯೆ 35% ದಾಟುತ್ತದೆ, ಅಂದರೆ ಅವರು ಬೇಡ ಅಂದರೆ ಉಳಿದವರಿಗೆ 65% ಸಿಗಲ್ಲ. ಆದರೂ ಮೂವರೇ ತಡೆಯಲು ಆಗುವುದಿಲ್ಲ, ನಿಯಮದ ಪ್ರಕಾರ ನಾಲ್ಕನೇ ದೇಶ ಬೇಕೇ ಬೇಕು! ಇನ್ನೊಂದು ಗೊಂದಲ: ಇಲ್ಲಿ ಮತ ಹಾಕದೆ ಸುಮ್ನೆ ಕೂತರೆ ಅದು ಬೇಡ ಅಂದ ಹಾಗೇ. ತೆರಿಗೆಯಂಥ ವಿಷಯಕ್ಕೆ ಸರ್ವಾನುಮತ ಬೇಕು, ಅಲ್ಲಿ ಸುಮ್ನೆ ಕೂತರೆ ಅಡ್ಡಿಯಿಲ್ಲ. ಪೂರಾ ಉಲ್ಟಾ, ಅಲ್ವಾ? ಸ್ಲೈಡ್ ತೋರಿಸಿದಷ್ಟೂ ತಲೆಕೆಟ್ಟಿತು, ನನ್ನದೂ ಸೇರಿ.

ಈ ಸಲ ಪಾತ್ರ ಹಂಚಿ ಆಡಿಸೋಣ ಅಂತಿದ್ದೇನೆ. ಮುಖ್ಯವಾಗಿ ಟ್ರೈಲಾಗ್. ಮೂರೂ ಸಂಸ್ಥೆಗಳ ಕೆಲವೇ ಪ್ರತಿನಿಧಿಗಳು ಮುಚ್ಚಿದ ಬಾಗಿಲ ಹಿಂದೆ ಕೂತು ರಾಜಿ ಮಾಡಿಕೊಳ್ಳುವ ಸಭೆ ಅದು. ಅಸಲಿ ಚೌಕಾಸಿ ಜಾಸ್ತಿ ನಡೆಯುವುದೇ ಅಲ್ಲಿ.

ಇಂಥ ಆಟ ನಡೆಸಿದವರು ಇದ್ದೀರಾ? 27 ದೇಶಗಳನ್ನು 20 ಜನರಿಗೆ ಹೇಗೆ ಹಂಚಿದಿರಿ? ಕಾಲ್ಪನಿಕ ಕರಡು ಕಾನೂನು ಎಷ್ಟು ಪುಟ ಇದ್ದರೆ ಸಾಕು? ನನ್ನ ಅಂದಾಜು ಎರಡು. ಟ್ರೈಲಾಗ್‌ಗೆ ಒಂದೂವರೆ ಗಂಟೆ ಸಾಕಾಗುತ್ತದಾ? ಎಡವಿದ ಅನುಭವ ಇದ್ದರೆ ಅದನ್ನೇ ಮೊದಲು ಹೇಳಿ.