ಸೇಫ್ಟಿ ರೇಜರಿನ ಲೋಹ, ತೂಕ ಮತ್ತು ಕುತ್ತಿಗೆಯ ಉರಿ: ಬಳಸಿದವರ ಅನುಭವಗಳು

ಪ್ರಶ್ನೆ

ನಮಸ್ಕಾರ. ಕಾರ್ಟ್ರಿಜ್ ರೇಜರನ್ನು ಬಿಟ್ಟು, ಎರಡು ಅಲಗಿನ ಬ್ಲೇಡ್ ಹಾಕುವ ಸೇಫ್ಟಿ ರೇಜರಿಗೆ ಬಂದು ಕೆಲವು ತಿಂಗಳಾಗಿವೆ. ಈಗ ನನ್ನಲ್ಲಿರುವುದು ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಲೇಪಿಸಿದ, ಸುಮಾರು 60 ಗ್ರಾಂ ತೂಗುವ ರೇಜರ್. ಕೆನ್ನೆಯ ಮೇಲೆ ಯಾವ ತಕರಾರೂ ಇಲ್ಲ, ಆದರೆ ಕುತ್ತಿಗೆಯಲ್ಲಿ, ಅದರಲ್ಲೂ ಗಂಟಲಿನ ಉಬ್ಬಿನ ಕೆಳಗೆ, ಕ್ಷೌರವಾದ ಮೇಲೆ ಬಹಳ ಹೊತ್ತು ಉರಿ ಇರುತ್ತದೆ. ಭಾರವಾದ ಸ್ಟೇನ್‌ಲೆಸ್ ಸ್ಟೀಲ್ ರೇಜರ್ ಕೊಂಡರೆ ಅದರ ತೂಕವೇ ಕೆಲಸ ಮಾಡುತ್ತದೆ, ಕೈಯಿಂದ ಒತ್ತಬೇಕಾಗಿಲ್ಲ ಎಂದು ಕೆಲವರು ಹೇಳುತ್ತಾರೆ. ಸೂಕ್ಷ್ಮ ಚರ್ಮಕ್ಕೆ ಅಲ್ಯೂಮಿನಿಯಂನಂಥ ಹಗುರವಾದುದೇ ಸರಿ ಎಂದು ಇನ್ನು ಕೆಲವರ ಮಾತು. ಲೋಹದಿಂದ, ತೂಕದಿಂದ ನಿಜವಾಗಿ ಏನು ಬದಲಾಗುತ್ತದೆ? ಬೇರೆ ಬೇರೆ ಬಗೆಯ ರೇಜರುಗಳನ್ನು ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ಗಡ್ಡವನ್ನು ಕತ್ತರಿಸುವುದು ಬ್ಲೇಡು. ಆ ಬ್ಲೇಡು ಚರ್ಮದ ಮುಂದೆ ಹೇಗೆ ನಿಲ್ಲಬೇಕೆಂದು ತೀರ್ಮಾನಿಸುವುದು ರೇಜರಿನ ತಲೆಯ ಆಕಾರ. ಅಲಗಿಗೂ ಅದರ ಕೆಳಗಿನ ಸುರಕ್ಷಾ ಪಟ್ಟಿಗೂ ನಡುವೆ ಎಷ್ಟು ಸಂದು ಇದೆ, ಅಲಗು ಎಷ್ಟು ಹೊರಗೆ ಚಾಚಿದೆ, ಮೇಲಿನ ಮುಚ್ಚಳವು ಬ್ಲೇಡನ್ನು ಅಲಗಿನ ಎಷ್ಟು ಹತ್ತಿರದವರೆಗೆ ಅದುಮಿ ಹಿಡಿದಿದೆ ಎಂಬ ಮೂರು ಸಂಗತಿಗಳು ಒಂದೇ ಆಗಿದ್ದರೆ, ರೇಜರು ಹಿತ್ತಾಳೆಯದೋ ಸ್ಟೀಲಿನದೋ ಎಂಬುದು ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕೈಗೆ. ಈ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಸರಿಯಾಗಿ ಅದುಮಿ ಹಿಡಿಯದ ತಲೆಯಲ್ಲಿ ಅದು ಒರಟು ಕೂದಲಿಗೆ ತಾಗಿದಾಗ ಸಣ್ಣಗೆ ಅದುರುತ್ತದೆ, ಆ ಅದುರುವಿಕೆಯೇ ಎಷ್ಟೋ ಸಲ ಉರಿಗೆ ಕಾರಣ. ರೇಜರು 120 ಗ್ರಾಂ ತೂಗಿದರೂ ಈ ದೋಷ ಹೋಗುವುದಿಲ್ಲ.

ಇನ್ನು 'ತೂಕವೇ ಕೆಲಸ ಮಾಡುತ್ತದೆ' ಎಂಬ ಮಾತಿನ ವಿಚಾರ. ತೂಕ ಎಳೆಯುವುದು ನೇರ ಕೆಳಕ್ಕೆ. ನಿಂತು ಕ್ಷೌರ ಮಾಡಿಕೊಳ್ಳುವಾಗ ಕೆನ್ನೆಯ ಚರ್ಮವೂ ಹೆಚ್ಚು ಕಡಿಮೆ ಲಂಬವಾಗಿಯೇ ಇರುತ್ತದೆ. ಹಾಗಾಗಿ ರೇಜರಿನ ಭಾರವು ಅಲಗನ್ನು ಚರ್ಮದ ಒಳಕ್ಕೆ ಒತ್ತುವುದಿಲ್ಲ, ಚರ್ಮದ ಉದ್ದಕ್ಕೂ ಕೆಳಗೆ ಎಳೆಯುತ್ತದೆ. ಮೇಲಿನಿಂದ ಕೆಳಕ್ಕೆ ಎಳೆಯುವ ಮೊದಲ ಸುತ್ತಿನಲ್ಲಿ ಇದು ನಿಜಕ್ಕೂ ಸಹಾಯವೇ. ರೇಜರು ತಾನಾಗಿ ಜಾರಿದಂತೆ ಅನಿಸುವುದು ಇದರಿಂದ. ಆದರೆ ಕೂದಲಿನ ಎದುರು ದಿಕ್ಕಿಗೆ, ಕೆಳಗಿನಿಂದ ಮೇಲಕ್ಕೆ ಒಯ್ಯುವಾಗ ಅದೇ ಭಾರವನ್ನು ನೀವು ಎತ್ತಬೇಕು. ಗದ್ದದ ಅಡಿಯಲ್ಲಂತೂ ಚರ್ಮ ನೆಲದ ಕಡೆಗೆ ಮುಖ ಮಾಡಿರುವುದರಿಂದ ತೂಕವು ರೇಜರನ್ನು ಚರ್ಮದಿಂದ ದೂರಕ್ಕೆ ಸೆಳೆಯುತ್ತದೆ, ಅದನ್ನು ಸರಿದೂಗಿಸಲು ಕೈ ತಿಳಿಯದೆಯೇ ಒತ್ತತೊಡಗುತ್ತದೆ. ನಿಮ್ಮ ತೊಂದರೆ ಇರುವುದು ಕುತ್ತಿಗೆಯಲ್ಲಿ. ತೂಕ ಅತಿ ಕಡಿಮೆ ಉಪಯೋಗಕ್ಕೆ ಬರುವ ಜಾಗವೇ ಅದು.

ಬಲದ ಪ್ರಮಾಣವನ್ನೂ ನೋಡಿ. 60 ಗ್ರಾಂ ರೇಜರಿಗೂ 110 ಗ್ರಾಂ ರೇಜರಿಗೂ ಇರುವ ವ್ಯತ್ಯಾಸ 50 ಗ್ರಾಂ, ಎಂದರೆ ಅರ್ಧ ನ್ಯೂಟನ್ನಿಗಿಂತ ತುಸು ಕಡಿಮೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದರೆ ಈ 50 ಗ್ರಾಂ ಎಷ್ಟು ಅಲ್ಪವೆಂದು ತಿಳಿಯುತ್ತದೆ. 'ಒತ್ತುತ್ತಿದ್ದೇನೆ' ಎಂದು ಮನಸ್ಸಿಗೆ ಬರುವ ಮೊದಲೇ ಅಂಕಿ ಅದನ್ನು ದಾಟಿರುತ್ತದೆ. ಕಾರ್ಟ್ರಿಜ್ ರೇಜರಿನ ತಲೆ ಬಾಗುತ್ತದೆ, ಒತ್ತಿದರೂ ತಡೆದುಕೊಳ್ಳುತ್ತದೆ. ಅಲ್ಲಿಂದ ಬಂದ ಕೈಗೆ ಒತ್ತುವುದು ರೂಢಿಯಾಗಿರುತ್ತದೆ. ಭಾರವಾದ ರೇಜರು ಆ ರೂಢಿಯನ್ನು ಬಿಡಿಸಲು ಕೆಲವರಿಗೆ ನೆರವಾಗುತ್ತದೆ, ಏಕೆಂದರೆ ಕೈಯಲ್ಲಿ ಭಾರ ಇದ್ದಾಗ ಮತ್ತೆ ಬಲ ಹಾಕಬೇಕೆನಿಸುವುದಿಲ್ಲ. ಇದು ಕೈಯ ಅಭ್ಯಾಸಕ್ಕೆ ಸಂಬಂಧಿಸಿದ ಪ್ರಯೋಜನ.

ತೂಕದ ನಿಜವಾದ ಗುಣ ಇನ್ನೊಂದಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ: ಜಡತ್ವ. ದಟ್ಟವಾದ, ಎರಡು ಮೂರು ದಿನ ಬೆಳೆದ ಗಡ್ಡದಲ್ಲಿ ಹಗುರವಾದ ರೇಜರು ಕೂದಲಿಗೆ ಸಿಕ್ಕಿ ತಡೆದು ತಡೆದು ಸಾಗುತ್ತದೆ, ಭಾರವಾದುದು ಒಂದೇ ವೇಗದಲ್ಲಿ ಹೋಗುತ್ತದೆ. ದಿನವೂ ಕ್ಷೌರ ಮಾಡಿಕೊಳ್ಳುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ವಿಷಯ ಸೇರಿಸುತ್ತೇನೆ. ಒಟ್ಟು ತೂಕಕ್ಕಿಂತ, ಆ ತೂಕ ಎಲ್ಲಿ ಕೂತಿದೆ ಎಂಬುದು ಮುಖ್ಯ. ಬ್ಲೇಡು ಹಾಕದೆ ರೇಜರನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟು, ಯಾವ ಬಿಂದುವಿನಲ್ಲಿ ಸಮತೋಲ ಬರುತ್ತದೆಂದು ನೋಡಿ. ಬಿಂದು ತಲೆಯ ಹತ್ತಿರ ಇದ್ದರೆ ಅಲಗು ಚರ್ಮವನ್ನು ಬಿಟ್ಟು ಏಳುವುದು ಕಡಿಮೆ, ಹಿಡಿಯನ್ನು ಬೆರಳ ತುದಿಗಳಲ್ಲಿ ಸಡಿಲವಾಗಿ ಹಿಡಿದರೂ ಸಾಕು. ಬಿಂದು ಹಿಡಿಯ ನಡುವಿಗಿಂತ ಕೆಳಗೆ ಸರಿದಿದ್ದರೆ ಹಿಡಿಯ ತುದಿ ಸದಾ ಕೆಳಕ್ಕೆ ಜಗ್ಗುತ್ತದೆ. ಅಲಗಿಗೂ ಚರ್ಮಕ್ಕೂ ನಡುವೆ ಇರಬೇಕಾದ ಸುಮಾರು 30 ಡಿಗ್ರಿಯ ಕೋನವನ್ನು ಉಳಿಸಿಕೊಳ್ಳಲು ಮಣಿಕಟ್ಟು ದುಡಿಯಬೇಕಾಗುತ್ತದೆ. ಹಗುರವಾದ ಅಲ್ಯೂಮಿನಿಯಂ ತಲೆಗೆ ಗಟ್ಟಿ ಸ್ಟೀಲಿನ ದಪ್ಪ ಹಿಡಿ ಜೋಡಿಸಿಕೊಳ್ಳುವ ಹವ್ಯಾಸಿಗಳಿದ್ದಾರೆ. ನೋಡಲು ಗಂಭೀರವಾಗಿರುತ್ತದೆ ನಿಜ, ಆದರೆ ಮೂಗಿನ ಕೆಳಗೆ ಅದನ್ನು ತಿರುಗಿಸುವುದು ನನ್ನ ಅಭಿಪ್ರಾಯದಲ್ಲಿ ಶಿಕ್ಷೆಯೇ ಸರಿ.

ಹಳೆಯ ರೇಜರುಗಳನ್ನು ಕೈಯಲ್ಲಿ ಹಿಡಿದವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ಕಿಂಗ್ ಕ್ಯಾಂಪ್ ಜಿಲೆಟ್ ತಮ್ಮ ರೇಜರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1904ರಲ್ಲಿ. ಅಲ್ಲಿಂದ ದಶಕಗಳ ಕಾಲ ಹಿತ್ತಾಳೆಯನ್ನೇ ಮುಖ್ಯವಾಗಿ ಬಳಸಿ, ಅದರ ಮೇಲೆ ನಿಕ್ಕಲ್, ಬೆಳ್ಳಿ ಅಥವಾ ಚಿನ್ನದ ಲೇಪನ ಕೊಡುತ್ತಿದ್ದರು. 1947ರಲ್ಲಿ ಬಂದ ಜಿಲೆಟ್ ಸೂಪರ್ ಸ್ಪೀಡ್ ಕೂಡ 60 ಗ್ರಾಂ ಆಸುಪಾಸಿನದೇ. ಒಂದಿಡೀ ತಲೆಮಾರು ಆ ತೂಕದಲ್ಲಿ ನಿತ್ಯ ಕ್ಷೌರ ಮಾಡಿಕೊಂಡಿರುವಾಗ, 100 ಗ್ರಾಂ ದಾಟದ ರೇಜರು ಕೆಲಸಕ್ಕೆ ಬಾರದು ಎಂಬ ಮಾತಿಗೆ ಅರ್ಥವಿಲ್ಲ.

ಹಿಡಿಯ ಮೇಲಿನ ಕೊರೆತವನ್ನೂ ಗಮನಿಸಿ. ನೊರೆ ಹತ್ತಿದ ಕೈಯಲ್ಲಿ ನುಣುಪಾದ ಭಾರದ ಹಿಡಿ ಜಾರುತ್ತದೆ. ಜಾರುವ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತೇವೆ, ಬಿಗಿ ಹಿಡಿತ ಒತ್ತಡವಾಗಿ ಚರ್ಮಕ್ಕೆ ಇಳಿಯುತ್ತದೆ.

ಉತ್ತರ 3

ಲೋಹದ ಎರಕ ಮತ್ತು ಲೇಪನದ ಕೆಲಸ ಬಲ್ಲವನಾಗಿ, ಬಾಳಿಕೆಯ ಕಡೆಯಿಂದ ಒಂದಿಷ್ಟು ಹೇಳಬಯಸುತ್ತೇನೆ.

ಒಂದೇ ಅಚ್ಚಿನ, ಒಂದೇ ಅಳತೆಯ ರೇಜರನ್ನು ಬೇರೆ ಬೇರೆ ಲೋಹಗಳಲ್ಲಿ ಮಾಡಿದರೆ ತೂಕ ಎಷ್ಟಾಗುತ್ತದೆ ಎಂದು ಸಾಂದ್ರತೆಯಿಂದ ಲೆಕ್ಕ ಹಾಕಬಹುದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅದು 100 ಗ್ರಾಂ ಇದ್ದರೆ, ಹಿತ್ತಾಳೆಯಲ್ಲಿ ಸುಮಾರು 106, ಸತುವಿನ ಮಿಶ್ರಲೋಹದಲ್ಲಿ 83, ಟೈಟಾನಿಯಂನಲ್ಲಿ 55, ಅಲ್ಯೂಮಿನಿಯಂನಲ್ಲಿ 34 ಗ್ರಾಂ ಆಗುತ್ತದೆ. ಸ್ಟೀಲಿಗಿಂತ ಹಿತ್ತಾಳೆ ಭಾರ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. ಹಿಡಿಯನ್ನು ಟೊಳ್ಳು ಮಾಡಿದರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ, ಆದ್ದರಿಂದ ಲೋಹದ ಹೆಸರು ಕೇಳಿ ತೂಕವನ್ನು ಊಹಿಸಬಾರದು.

ನಿಮ್ಮಲ್ಲಿರುವಂಥ ರೇಜರಿನ ಲೋಹ ಜಾಮಾಕ್ ಎಂದು ಕರೆಯುವ ಮಿಶ್ರಣ: ಸತು, ಅದರಲ್ಲಿ ಸುಮಾರು ಶೇಕಡಾ 4ರಷ್ಟು ಅಲ್ಯೂಮಿನಿಯಂ, ಜೊತೆಗೆ ಅತ್ಯಲ್ಪ ಪ್ರಮಾಣದ ಇತರ ಲೋಹಗಳು. ಇದು 400 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ ಶಾಖದಲ್ಲಿ ಕರಗುತ್ತದೆ, ಅಚ್ಚಿನ ಸಣ್ಣ ಮೂಲೆಗಳಿಗೂ ನೀರಿನಂತೆ ಹರಿದು ತುಂಬಿಕೊಳ್ಳುತ್ತದೆ. ಹಾಗಾಗಿ ಕಡಿಮೆ ಖರ್ಚಿನಲ್ಲಿ ಅಚ್ಚುಕಟ್ಟಾದ ತಲೆ ತಯಾರಾಗುತ್ತದೆ. ಇದನ್ನು ಕಳಪೆ ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ಇದರ ಆಯುಷ್ಯವೆಲ್ಲ ಲೇಪನದ ಆಯುಷ್ಯ. ಎಲ್ಲಾದರೂ ಕ್ರೋಮ್ ಎದ್ದು ಸತು ನೀರಿಗೆ ತೆರೆದುಕೊಂಡರೆ ಅಲ್ಲಿ ಬಿಳಿ ಪುಡಿ ಕಾಣಿಸಿಕೊಂಡು, ಗುಳಿ ಬಿದ್ದು, ಲೇಪನ ಗುಳ್ಳೆಯಂತೆ ಏಳುತ್ತದೆ. ಅದನ್ನು ಮತ್ತೆ ಸರಿಪಡಿಸಿಕೊಂಡು ಫಲವಿಲ್ಲ. ಎರಡನೆಯ ದುರ್ಬಲ ಜಾಗ, ಮುಚ್ಚಳದ ಅಡಿಯಿಂದ ಇಳಿದು ಹಿಡಿಯೊಳಗೆ ತಿರುಗಿ ಕೂರುವ ತಿರುಪಿನ ಕಡ್ಡಿ. ಅತಿಯಾಗಿ ಬಿಗಿದರೆ, ಇಲ್ಲವೇ ಕೈಜಾರಿ ನೆಲಕ್ಕೆ ಬಿದ್ದರೆ ಅದು ಬುಡದಲ್ಲಿ ಮುರಿಯುತ್ತದೆ, ಮುರಿದ ತುಂಡು ಹಿಡಿಯೊಳಗೇ ಉಳಿದುಬಿಡುತ್ತದೆ. ಬ್ಲೇಡು ಅಲುಗದಷ್ಟು ಬಿಗಿದರೆ ಸಾಕು.

ಹಿತ್ತಾಳೆಯ ಲೇಪನ ಸವೆದರೆ ಮತ್ತೆ ಹಾಕಿಸಬಹುದು, ಹಾಕಿಸದಿದ್ದರೂ ಬಣ್ಣ ಮಾಸುತ್ತದೆಯೇ ಹೊರತು ಲೋಹ ಉದುರುವುದಿಲ್ಲ. ಸ್ಟೀಲಿನಲ್ಲಿ 316 ದರ್ಜೆಯದು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದು. ಅದರಲ್ಲಿರುವ 2ರಿಂದ 3 ಶೇಕಡಾ ಮಾಲಿಬ್ಡಿನಂ ಉಪ್ಪಿನಂಶದ ನೀರಿನಿಂದಾಗುವ ಗುಳಿಗಳನ್ನು ತಡೆಯುತ್ತದೆ, ಲೇಪನದ ಹಂಗೇ ಇಲ್ಲ. ಸ್ಟೀಲ್ ರೇಜರುಗಳಲ್ಲೂ ಎರಡು ಬಗೆ ಇವೆ. ಗಟ್ಟಿ ಕಂಬಿಯಿಂದ ಯಂತ್ರದಲ್ಲಿ ಕಡೆದು ತೆಗೆದದ್ದು ಒಂದು. ಸ್ಟೀಲಿನ ನುಣ್ಣನೆಯ ಪುಡಿಯನ್ನು ಅಂಟಿನೊಂದಿಗೆ ಅಚ್ಚಿಗೆ ತುಂಬಿ ಆಮೇಲೆ ಕುಲುಮೆಯಲ್ಲಿ ಬೆಸೆದದ್ದು ಇನ್ನೊಂದು. ಬೆಸೆಯುವಾಗ ಅದರ ಗಾತ್ರ ಗಣನೀಯವಾಗಿ ಕುಗ್ಗುವುದರಿಂದ, ಕೊನೆಯ ಅಳತೆ ತಯಾರಕರ ಹಿಡಿತದ ಮೇಲೆ ನಿಂತಿರುತ್ತದೆ.

ಅಲ್ಯೂಮಿನಿಯಂ ರೇಜರಿನ ಬಣ್ಣದ ಪದರವನ್ನು ಕ್ಷಾರಯುಕ್ತ ಸ್ವಚ್ಛಕಗಳು ತಿಂದುಹಾಕುತ್ತವೆ. ಅದನ್ನು ಮೃದುವಾದ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬರಿಯ ನೀರು ಇಷ್ಟರಿಂದಲೇ ತೊಳೆಯಬೇಕು. ಟೈಟಾನಿಯಂ ಮತ್ತು ಸ್ಟೀಲ್ ಎರಡರಲ್ಲೂ ತಿರುಪಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಸ್ವಭಾವವಿದೆ. ಒಂದು ಹನಿ ಗ್ರೀಸ್ ಹಚ್ಚಿಟ್ಟರೆ ತೊಂದರೆಯಿಲ್ಲ.

ಉತ್ತರ 4

ನಾನು ಇದನ್ನು ಬಳಸುವುದು ಕಾಲಿಗೆ, ಆದ್ದರಿಂದ ನನ್ನ ಅನುಭವ ತುಸು ಬೇರೆ. ಮೊದಲನೆಯವರು ತೂಕದ ದಿಕ್ಕಿನ ಬಗ್ಗೆ ಬರೆದದ್ದು ಇಲ್ಲಿ ತಲೆಕೆಳಗಾಗುತ್ತದೆ: ಕುಳಿತು ಕಾಲು ಚಾಚಿಕೊಂಡಾಗ ಚರ್ಮ ಅಡ್ಡಲಾಗಿರುತ್ತದೆ, ರೇಜರಿನ ಭಾರ ನೇರವಾಗಿ ಅದರ ಮೇಲೆಯೇ ಕೂರುತ್ತದೆ. ತೊಡೆ ಮತ್ತು ಮೀನಖಂಡದ ಮೇಲೆ ಭಾರದ ರೇಜರು ಸೊಗಸಾಗಿ ಹೋಗುತ್ತದೆ. ಆದರೆ ಮೊಣಕಾಲಿನ ಚಿಪ್ಪು, ಮುಂಗಾಲಿನ ಎಲುಬು, ಹರಡಿನ ಗಂಟು ಇಲ್ಲೆಲ್ಲ ಚರ್ಮದ ಕೆಳಗೆ ಮಾಂಸವಿಲ್ಲ, ಅಲ್ಲಿ ಗೀರು ಬೀಳುವುದು ಭಾರದ ರೇಜರಿನಿಂದಲೇ ಹೆಚ್ಚು. ನನಗೆ ಒಗ್ಗಿದ್ದು ಉದ್ದ ಹಿಡಿಯ, ಹಗುರವಾದ ರೇಜರು. ತಲೆ ಬೋಳಿಸಿಕೊಳ್ಳುವವರಿಗೂ ನೆತ್ತಿಯ ಮೇಲೆ ಇದೇ ಅನುಭವವಾಗಬೇಕು.

ಇನ್ನೊಂದು ಮಾತು. ನಿಕ್ಕಲ್ ತಾಗಿದರೆ ತುರಿಕೆ, ದದ್ದು ಬರುವವರು ಲೋಹದ ಆಯ್ಕೆಯನ್ನು ತೂಕಕ್ಕಿಂತ ಮೊದಲು ನೋಡಬೇಕು. ಕ್ರೋಮ್ ಲೇಪನದ ಅಡಿಯಲ್ಲಿ ಸಾಮಾನ್ಯವಾಗಿ ನಿಕ್ಕಲಿನ ಪದರವೊಂದು ಇರುತ್ತದೆ, ಕ್ರೋಮ್ ಸವೆದಾಗ ಅದು ಚರ್ಮಕ್ಕೆ ತಾಗುತ್ತದೆ. ಅಂಥವರಿಗೆ ಟೈಟಾನಿಯಂ ಅಥವಾ ಅಲ್ಯೂಮಿನಿಯಂ ಹೆಚ್ಚು ನಿಶ್ಚಿಂತೆಯದು. ಕುತ್ತಿಗೆಯ ಉರಿ ಕೆಂಪು ದದ್ದಿನ ರೂಪದಲ್ಲಿ ಮರುದಿನವೂ ಉಳಿಯುತ್ತಿದ್ದರೆ ಚರ್ಮದ ವೈದ್ಯರಿಗೆ ಒಮ್ಮೆ ತೋರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ದದ್ದು ಏನೂ ಇಲ್ಲ, ಉರಿ ಸಂಜೆಯ ಹೊತ್ತಿಗೆ ಹೋಗುತ್ತದೆ. ಹಾಗಾದರೆ ಹೊಸ ರೇಜರು ಕೊಳ್ಳುವುದೇ ಬೇಡವೆನ್ನುತ್ತೀರಾ? ಕೊಂಡರೆ ಏನು ನೋಡಿ ಕೊಳ್ಳಲಿ?

ಉತ್ತರ 1 ಬರೆದವರು

ಕೊಳ್ಳುವ ಮೊದಲು ಈಗಿರುವುದರಲ್ಲಿಯೇ ಎರಡು ಪರೀಕ್ಷೆ ಮಾಡಿ. ಬ್ಲೇಡು ಹಾಕಿ ಬಿಗಿದ ಮೇಲೆ, ರೇಜರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ಎದುರಾಗಿ ತಲೆಯನ್ನು ನೋಡಿ. ಎರಡೂ ಬದಿಯಲ್ಲಿ ಅಲಗು ಒಂದೇ ಅಳತೆಯಲ್ಲಿ, ಸುರಕ್ಷಾ ಪಟ್ಟಿಗೆ ಸಮಾನಾಂತರವಾಗಿ ಕಾಣಬೇಕು. ಒಂದು ಬದಿ ಹೆಚ್ಚು ಚಾಚಿದ್ದರೆ ಸಡಿಲಿಸಿ, ಬ್ಲೇಡಿನ ಮೊಂಡಾದ ಎರಡು ತುದಿಗಳನ್ನು ಬೆರಳುಗಳಿಂದ ಸರಿಯಾಗಿ ಕೂರಿಸಿ ಮತ್ತೆ ಬಿಗಿಯಿರಿ. ಎರಡನೆಯದು, ಒಂದು ದಿನ ಬೆಳೆದ ಗಡ್ಡದ ಮೇಲೆ ಬೆರಳಾಡಿಸಿ ಕುತ್ತಿಗೆಯ ಕೂದಲು ಯಾವ ಕಡೆಗೆ ಮಲಗಿದೆಯೆಂದು ಕಂಡುಕೊಳ್ಳಿ. ಗಂಟಲಿನ ಕೆಳಗೆ ಅದು ಎಷ್ಟೋ ಜನರಲ್ಲಿ ಅಡ್ಡಕ್ಕೋ ಮೇಲಕ್ಕೋ ಬೆಳೆದಿರುತ್ತದೆ, ಅವರು ಮೇಲಿನಿಂದ ಕೆಳಕ್ಕೆ ಎಳೆದಾಗ ಮೊದಲ ಸುತ್ತಿನಲ್ಲಿಯೇ ಎದುರು ದಿಕ್ಕಿಗೆ ಹೋದಂತಾಗುತ್ತದೆ. ಕೆಲವು ವಾರ ಕುತ್ತಿಗೆಯಲ್ಲಿ ಎದುರು ದಿಕ್ಕಿನ ಸುತ್ತನ್ನು ಪೂರ್ತಿ ಬಿಟ್ಟು ನೋಡಿ.

ಆಮೇಲೂ ಕೊಳ್ಳುವ ಮನಸ್ಸಿದ್ದರೆ, ನನ್ನ ಸಲಹೆ 70ರಿಂದ 90 ಗ್ರಾಂ ನಡುವಿನ, ಸಮತೋಲದ ಬಿಂದು ತಲೆಯ ಹತ್ತಿರ ಇರುವ, ಹಿಡಿಯ ಮೇಲೆ ಚೆನ್ನಾಗಿ ಕೊರೆದಿರುವ ರೇಜರು. ಲೋಹ ನಿಮ್ಮ ಇಷ್ಟ. ಬಹಳ ಕಾಲ ಇಟ್ಟುಕೊಳ್ಳುವುದಾದರೆ ಹಿತ್ತಾಳೆ ಅಥವಾ ಸ್ಟೀಲ್. ಬೇರೆ ಬೇರೆ ಸಂದಿನ ತಳಫಲಕಗಳನ್ನು (ತಲೆಯಲ್ಲಿ ಬ್ಲೇಡಿನ ಕೆಳಗೆ ಕೂರುವ, ಸುರಕ್ಷಾ ಪಟ್ಟಿ ಇರುವ ಭಾಗ) ಬದಲಿಸಿ ಹಾಕಬಹುದಾದ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ತೂಕ ಹಾಗೆಯೇ ಇದ್ದು ಸಂದು ಮಾತ್ರ ಬದಲಾಗುವುದರಿಂದ, ನಿಮ್ಮ ಕುತ್ತಿಗೆಗೆ ಆಗಿಬರದಿರುವುದು ಯಾವುದೆಂದು ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಅತಿ ಕಡಿಮೆ ಸಂದಿನ ಫಲಕದಿಂದ ಶುರುಮಾಡಿ.