‘ನರವಾಹಕ’, ‘ನರಮಾರ್ಗ’: ಇಲಿಯ ಮೆದುಳನ್ನು ವಿವರಿಸಲು ಈ ಪದಗಳು ಸಾಲುತ್ತವೆಯೇ?

ಇಲಿಯ ಮೆದುಳಿನಲ್ಲಿ ನರಕೋಶಗಳು ರಾಸಾಯನಿಕಗಳ ಮೂಲಕ ಸಂಕೇತ ಕಳುಹಿಸುವ ಬಗೆಯನ್ನು ಕನ್ನಡದಲ್ಲಿ ಬರೆಯುವವರು ಡೋಪಮಿನ್, ಸೆರೊಟೋನಿನ್‌ನಂತಹ ವಸ್ತುಗಳಿಗೆ ‘ನರವಾಹಕ’ ಎಂದೂ, ಆ ವಸ್ತುಗಳನ್ನು ಬಳಸುವ ಕೋಶಗಳ ಎಳೆಗಳು ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಹಿಡಿಯುವ ಹಾದಿಗೆ ‘ನರಮಾರ್ಗ’ ಎಂದೂ ಬರೆಯುವುದುಂಟು. ಎರಡೂ ಪದಗಳು ಓದಲು ಸುಲಭವಾಗಿವೆ. ಆದರೆ ಇವೆರಡನ್ನೂ ಒಂದೇ ವಾಕ್ಯದಲ್ಲಿ ಬಳಸಿದಾಗ, ನರವೆಂಬ ಮಾರ್ಗದ ಉದ್ದಕ್ಕೂ ಒಂದು ರಾಸಾಯನಿಕ ಹರಿದುಹೋಗುತ್ತದೆ ಎಂಬ ತಪ್ಪು ಚಿತ್ರ ಓದುಗರ ಮನಸ್ಸಿನಲ್ಲಿ ಮೂಡುತ್ತದೆ. ಇವುಗಳ ಬದಲಿಗೆ ಯಾವ ಪದಗಳನ್ನು ಬಳಸಬಹುದು ಎಂಬುದು ನನ್ನ ಪ್ರಶ್ನೆ.

ಮೊದಲು ‘ನರ’ ಎಂಬ ಪದವನ್ನೇ ನೋಡೋಣ. ಕೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವನ್ನೂ ಆಡುಮಾತಿನಲ್ಲಿ ನರವೆಂದೇ ಕರೆಯುತ್ತೇವೆ. ಇದು ತಮಿಳಿನ ‘ನರಂಬು’ವಿಗೆ ಸಂಬಂಧಿಸಿದ ದ್ರಾವಿಡ ಪದವಾಗಿದ್ದು, ಮನುಷ್ಯ ಎಂಬ ಅರ್ಥದ ಸಂಸ್ಕೃತದ ‘ನರ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ‘ವಾಹಕ’ದಂತಹ ಸಂಸ್ಕೃತ ಪದವನ್ನು ಇದಕ್ಕೆ ಜೋಡಿಸಿದರೆ ಅರಿಸಮಾಸವಾಗುತ್ತದೆ, ಜೊತೆಗೆ ‘ನರಭಕ್ಷಕ’, ‘ನರಬಲಿ’ಗಳ ಸಾಲಿನಲ್ಲಿ ನಿಂತು ಬೇರೆಯದೇ ಅರ್ಥ ಕೊಡುವ ಸಾಧ್ಯತೆಯೂ ಇರುತ್ತದೆ. ಅರಿಸಮಾಸವನ್ನು ಇಂದಿನ ಬರವಣಿಗೆಯಲ್ಲಿ ದೊಡ್ಡ ದೋಷವೆಂದು ನಾನು ಎಣಿಸುವುದಿಲ್ಲ. ನನ್ನ ಆಕ್ಷೇಪ ಅಂಗರಚನೆಗೆ ಸಂಬಂಧಿಸಿದ್ದು. ಶಾಸ್ತ್ರದ ಅರ್ಥದಲ್ಲಿ ನರವೆಂದರೆ ಮೆದುಳು ಮತ್ತು ಬೆನ್ನುಹುರಿಗಳ ಹೊರಗೆ ಇರುವ ಎಳೆಗಳ ಕಟ್ಟು. ಮೆದುಳಿನ ಒಳಗೆ ಇರುವುದು ನರಕೋಶಗಳು ಮತ್ತು ಅವುಗಳ ಆಕ್ಸಾನ್‌ಗಳೆಂಬ ಎಳೆಗಳು. ಹಾಗಾಗಿ ಮೆದುಳಿನ ಒಳಗಿನ ಹಾದಿಯನ್ನು ‘ನರಮಾರ್ಗ’ ಎನ್ನುವುದಕ್ಕಿಂತ ‘ತಂತುಮಾರ್ಗ’ ಎನ್ನುವುದು ಮೇಲೆಂದು ನನಗೆ ತೋರುತ್ತದೆ.

‘ವಾಹಕ’ದ ತೊಡಕು ಇನ್ನೂ ದೊಡ್ಡದು. ಆಕ್ಸಾನಿನ ಉದ್ದಕ್ಕೂ ಸಾಗುವ ಸಂಕೇತ ವಿದ್ಯುತ್ತಿನದು. ಅದು ಎಳೆಯ ತುದಿಯನ್ನು ಮುಟ್ಟಿದಾಗ ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿ, ಅಲ್ಲಿನ ಸಣ್ಣ ಚೀಲಗಳಲ್ಲಿರುವ ರಾಸಾಯನಿಕ ಹೊರಬೀಳುತ್ತದೆ. ಸುಮಾರು 20 ನ್ಯಾನೊಮೀಟರ್ ಅಗಲದ ಸಂದನ್ನು ದಾಟಿ ಮುಂದಿನ ಕೋಶವನ್ನು ತಲುಪುತ್ತದೆ. 1921ರಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯ ಒಂದು ಹೃದಯದ, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಕೆರಳಿಸಿ, ಆ ಹೃದಯವನ್ನು ತೊಯ್ಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಸೇರಿಸಿದಾಗ ಅದರ ಬಡಿತವೂ ನಿಧಾನವಾಯಿತು. ನರದ ತುದಿಯಿಂದ ಹೊರಬಿದ್ದ ವಸ್ತುವೇ ಸಂಕೇತವನ್ನು ದಾಟಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಈ ಕೆಲಸಕ್ಕೆ ‘ದೂತ’ ಎಂಬ ಪದ ಚೆನ್ನಾಗಿ ಒಪ್ಪುತ್ತದೆ. ಮುಂದಿನ ಕೋಶದ ಒಳಗೆ ಸಂಕೇತವನ್ನು ಮುಂದುವರಿಸುವ ಸೈಕ್ಲಿಕ್ ಎಎಂಪಿಯಂತಹ ಅಣುಗಳನ್ನು ‘ಎರಡನೆಯ ದೂತ’ ಎಂದು ಕರೆಯುವುದರಿಂದ, ಮೊದಲನೆಯದಕ್ಕೂ ಅದೇ ಪದವಿದ್ದರೆ ಸರಣಿ ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ರಾಸಾಯನಿಕ ಮತ್ತು ಹಾದಿಗಳನ್ನು ಬೇರೆ ಬೇರೆಯಾಗಿ ಹೆಸರಿಸಬೇಕು ಎಂದು ನಾನು ಇಷ್ಟು ಒತ್ತಿ ಹೇಳಲು ಇಲಿಯ ಮೆದುಳಿನ ಅಧ್ಯಯನದ ಚರಿತ್ರೆಯೇ ಕಾರಣ. ಸ್ವೀಡನ್ನಿನ ವಿಜ್ಞಾನಿಗಳಾದ ಫಾಲ್ಕ್ ಮತ್ತು ಹಿಲ್ಲಾರ್ಪ್ ರೂಪಿಸಿದ ವಿಧಾನದಲ್ಲಿ, ಹೆಪ್ಪುಗಟ್ಟಿಸಿ ಒಣಗಿಸಿದ ಅಂಗಾಂಶಕ್ಕೆ ಫಾರ್ಮಾಲ್ಡಿಹೈಡ್ ಆವಿಯನ್ನು ತಾಗಿಸಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಇರುವ ಕೋಶಗಳು ಹಸಿರಾಗಿಯೂ ಸೆರೊಟೋನಿನ್ ಇರುವ ಕೋಶಗಳು ಹಳದಿಯಾಗಿಯೂ ಹೊಳೆಯುತ್ತವೆ. ಈ ಬೆಳಕನ್ನು ಹಿಡಿದು 1964ರಲ್ಲಿ ಡಾಲ್‌ಸ್ಟ್ರೋಮ್ ಮತ್ತು ಫುಕ್ಸ್ ಇಲಿಯ ಮೆದುಳಿನ ಹಸಿರು ಕೋಶಗಳನ್ನು ಎ1ರಿಂದ ಎ12ರವರೆಗೆ, ಹಳದಿ ಕೋಶಗಳನ್ನು ಬಿ1ರಿಂದ ಬಿ9ರವರೆಗೆ ಗುಂಪುಮಾಡಿದರು. ಅಂಗರಚನೆಯ ಹಳೆಯ ಹೆಸರುಗಳನ್ನು ಬಿಟ್ಟು ಹೊಸ ಅಂಕಿತಗಳನ್ನು ಅವರು ಕೊಡಬೇಕಾಗಿ ಬಂದದ್ದು, ಒಂದೇ ರಾಸಾಯನಿಕವಿರುವ ಕೋಶಗಳು ಹಳೆಯ ಗಡಿಗಳಿಗೆ ಸರಿಯಾಗಿ ಹೊಂದಲಿಲ್ಲ ಎಂಬ ಕಾರಣಕ್ಕೆ. 1971ರಲ್ಲಿ ಉಂಗರ್‌ಸ್ಟೆಡ್ ಇಲಿಯಲ್ಲೇ ಈ ಕೋಶಗಳ ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ನಕ್ಷೆಯನ್ನು ಪ್ರಕಟಿಸಿದರು. ಹೀಗೆ ಕೋಶದ ನೆಲೆ, ಎಳೆಯ ಹಾದಿ ಮತ್ತು ಹೊರಬೀಳುವ ವಸ್ತು ಎಂಬ ಮೂರೂ ಬೇರೆ ಬೇರೆ ಸಂಗತಿಗಳು. ಭಾಷೆಯಲ್ಲೂ ಅವು ಬೇರೆಯಾಗಿಯೇ ಉಳಿಯಬೇಕು.

ಇದಕ್ಕೆ ಡೋಪಮಿನ್ನೇ ಒಳ್ಳೆಯ ಉದಾಹರಣೆ. ಎ9 ಗುಂಪಿನ ಕೋಶಗಳು ನಡುಮೆದುಳಿನಲ್ಲಿದ್ದು, ಅವುಗಳ ಎಳೆಗಳು ಮುಮ್ಮೆದುಳಿನ ಭಾಗವಾದ ಸ್ಟ್ರಯೇಟಮ್‌ವರೆಗೆ ಚಾಚಿ ಅಲ್ಲಿ ಡೋಪಮಿನ್ ಬಿಡುತ್ತವೆ. ಇಲ್ಲಿ ಹಾದಿಯ ತುದಿಯಲ್ಲಿ ಇನ್ನೊಂದು ನರಕೋಶವಿದೆ. ಮೆದುಳಿನ ತಳಭಾಗದ ಹೈಪೊಥಲಾಮಸ್‌ನ ಎ12 ಗುಂಪಿನ ಎಳೆಗಳಾದರೋ ಡೋಪಮಿನ್ನನ್ನು ಕಿರು ರಕ್ತನಾಳಗಳಿಗೆ ಬಿಡುತ್ತವೆ. ಅದು ರಕ್ತದ ಮೂಲಕ ಪಿಟ್ಯುಟರಿ ಗ್ರಂಥಿಗೆ ಹೋಗಿ ಹಾಲಿನ ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಸ್ರಾವವನ್ನು ತಡೆಯುತ್ತದೆ. ಎರಡರಲ್ಲೂ ದೂತ ಒಂದೇ, ಆದರೆ ಎರಡನೆಯದರಲ್ಲಿ ಅದು ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಇದನ್ನು ‘ನರವಾಹಕ’ ಎಂದು ಬರೆದರೆ ವಾಕ್ಯವೇ ಸುಳ್ಳಾಗುತ್ತದೆ.

ಎಳೆಗಳು ‘ಚಾಚುತ್ತವೆ’ ಎಂಬ ಕ್ರಿಯಾಪದವನ್ನು ಬೇಕೆಂದೇ ಬಳಸಿದ್ದೇನೆ. ‘ಪ್ರಕ್ಷೇಪಿಸುತ್ತವೆ’ ಎಂಬ ಪದ ಎಸೆಯುವ ಅರ್ಥವನ್ನು ಹೊತ್ತು ಬರುತ್ತದೆ, ಇಲ್ಲಿ ಏನನ್ನೂ ಎಸೆಯುತ್ತಿಲ್ಲ.

ಮೆದುಳಿನ ಭಾಗಗಳ ಹೆಸರುಗಳನ್ನು ಅರ್ಥಕ್ಕೆ ತಕ್ಕಂತೆ ಕನ್ನಡಿಸುವಾಗಲೂ ಎಚ್ಚರ ಬೇಕು. ಎ9 ಕೋಶಗಳಿರುವ ಸಬ್‌ಸ್ಟಾನ್ಶಿಯಾ ನೈಗ್ರಾವನ್ನು ‘ಕಪ್ಪುದ್ರವ್ಯ’ ಎಂದರೆ ಮನುಷ್ಯರ ಮಟ್ಟಿಗೆ ಸರಿ, ಅಲ್ಲಿ ನ್ಯೂರೊಮೆಲನಿನ್ ಎಂಬ ವರ್ಣವಸ್ತು ಶೇಖರವಾಗಿ ಆ ಭಾಗ ಕಪ್ಪಾಗಿ ಕಾಣುತ್ತದೆ. ಇಲಿಯಲ್ಲಿ ಆ ಕಪ್ಪು ಬರಿಗಣ್ಣಿಗೆ ಕಾಣುವುದಿಲ್ಲ. ಇಂತಹ ಕಡೆ ಮೂಲದ ಹೆಸರನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳುವುದು ಪ್ರಾಮಾಣಿಕವಾದ ಆಯ್ಕೆಯೆಂದು ನಾನು ಭಾವಿಸುತ್ತೇನೆ.

ದೂತವನ್ನು ಹಿಡಿಯುವ ಪ್ರೋಟೀನಿಗೆ ‘ಗ್ರಾಹಕ’ ಎಂಬ ಪದವನ್ನೂ ನಾನು ಒಪ್ಪಲಾರೆ, ಏಕೆಂದರೆ ಓದುಗರಿಗೆ ಅದು ಮೊದಲು ಕೊಳ್ಳುವವರನ್ನೇ ನೆನಪಿಸುತ್ತದೆ. ‘ಗ್ರಾಹಿ’ ಎಂದರೆ ಆ ಗೊಂದಲವಿರುವುದಿಲ್ಲ. ಈ ಪದದ ಮೇಲೆ ಹೆಚ್ಚಿನ ಭಾರ ಬೀಳುವುದರಿಂದ ಇದು ಸ್ಪಷ್ಟವಾಗಿರಲೇಬೇಕು: ಡೋಪಮಿನ್ನನ್ನು ಹಿಡಿಯುವ ಗ್ರಾಹಿಗಳಲ್ಲಿ ಡಿ1, ಡಿ2 ಮೊದಲಾದ ಬಗೆಗಳಿದ್ದು, ಡೋಪಮಿನ್ ಡಿ1 ಗ್ರಾಹಿಯ ಮೂಲಕ ಕೋಶದೊಳಗಿನ ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸುತ್ತದೆ, ಡಿ2 ಗ್ರಾಹಿಯ ಮೂಲಕ ತಗ್ಗಿಸುತ್ತದೆ. ಆದ್ದರಿಂದ ಪರಿಣಾಮವನ್ನು ನಿರ್ಧರಿಸುವುದು ಗ್ರಾಹಿ. ಡೋಪಮಿನ್ನಿಗೇ ‘ಉದ್ದೀಪಕ’ ಎಂಬ ವಿಶೇಷಣ ಹಚ್ಚುವ ರೂಢಿಯನ್ನು ಬಿಡಬೇಕು.

ಕೊನೆಯದಾಗಿ ಪ್ರಾಣಿಯ ಹೆಸರಿನ ವಿಚಾರ. ಪ್ರಯೋಗಾಲಯಗಳಲ್ಲಿ ಬಳಸುವ ದೊಡ್ಡ ಇಲಿಯೂ ಅದಕ್ಕಿಂತ ಬಹಳ ಚಿಕ್ಕದಾದ ಇನ್ನೊಂದೂ ಬೇರೆ ಬೇರೆ ಪ್ರಭೇದಗಳು; ಮೇಲೆ ಹೇಳಿದ ನಕ್ಷೆಗಳು ದೊಡ್ಡದರವು. ಎರಡಕ್ಕೂ ‘ಇಲಿ’ ಎಂದೇ ಬರೆದರೆ ಯಾವುದರ ಮೆದುಳೆಂದು ತಿಳಿಯುವುದಿಲ್ಲ. ದೊಡ್ಡದಕ್ಕೆ ‘ಇಲಿ’, ಚಿಕ್ಕದಕ್ಕೆ ‘ಸುಂಡಿಲಿ’ ಎಂದು ನಿಗದಿಪಡಿಸಿಕೊಳ್ಳಬಹುದೇ, ಮತ್ತು ನರಕೋಶಗಳ ದೂತಗಳನ್ನು ಹಾರ್ಮೋನುಗಳಂತಹ ಇತರ ದೂತಗಳಿಂದ ಬೇರ್ಪಡಿಸಬೇಕಾದಾಗ ‘ನರಕೋಶದೂತ’ ಎಂಬ ರೂಪ ಉಚ್ಚಾರಣೆಗೆ ಭಾರವೆನಿಸುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.