ಕಾಡಂಚಿನ ತೋಟಕ್ಕೆ ನಾಯಿ: ಚಂದ ನೋಡಬೇಕಾ, ಕೆಲಸ ನೋಡಬೇಕಾ?

ಕೇಳಿದವರು, ಕೊಡಗಿನ ಸಿದ್ದಾಪುರದ ಹತ್ತಿರದಿಂದ:

ನಮ್ಮದು ಆರು ಎಕರೆ ಕಾಫಿ ತೋಟ. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಗದ್ದೆ. ಮನೆಯಲ್ಲಿ ಕಾಳಿ ಅಂತ ನಾಡ ನಾಯಿ ಇದ್ದಾಳೆ, ಮೂರು ವರ್ಷ. ಯಾರೂ ಏನೂ ಕಲಿಸಿದ್ದಲ್ಲ. ಆದರೂ ಅವಳು ಬೊಗಳುವುದು ಕೇಳಿದರೆ ಬಂದದ್ದು ಆನೆಯಾ, ಹಂದಿಯಾ, ಮನುಷ್ಯರಾ ಅಂತ ಮಲಗಿದಲ್ಲೇ ಗೊತ್ತಾಗುತ್ತದೆ. ಮುಂದಿನ ಸಲ ಬೆದೆಗೆ ಬಂದಾಗ ಒಮ್ಮೆ ಮರಿ ಹಾಕಿಸಿ ಒಂದನ್ನು ಇಟ್ಟುಕೊಳ್ಳುವ ಆಸೆ. ಪಕ್ಕದ ತೋಟದಲ್ಲಿ ಡಾಗ್ ಶೋಗೆ ಹೋಗಿ ಬಂದ ಜರ್ಮನ್ ಶೆಫರ್ಡ್ ಗಂಡು ಇದೆ. ನೋಡಲು ರಾಜನ ಹಾಗಿದೆ. ಮಗನಿಗೆ ಅದೇ ಆಗಬೇಕು, ಮರಿಗಳು ಚಂದ ಬರುತ್ತವೆ, ಕೇಳುವವರೂ ಜಾಸ್ತಿ ಅನ್ನುತ್ತಾನೆ. ಯಜಮಾನರು ಕೆಳಗಿನ ಗದ್ದೆ ಮನೆಯ ಕಂದು ನಾಯಿ ಸಾಕು ಅನ್ನುತ್ತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಪೊನ್ನಂಪೇಟೆ ಕಡೆಯವರು:

ಅಕ್ಕಾ, ನಿಮ್ಮ ಯಜಮಾನರ ಮಾತೇ ಸರಿ. ಹನ್ನೆರಡು ವರ್ಷದ ಹಿಂದೆ ನನಗೂ ಇದೇ ಯೋಚನೆ ಬಂದಿತ್ತು, ಚಂದಕ್ಕೆ ಮರುಳಾದೆ. ಆಮೇಲೆ ಆದದ್ದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಬೊಳ್ಳಿಯೂ ನಿಮ್ಮ ಕಾಳಿಯಂಥವಳೇ. ಮೈಸೂರಿನಿಂದ ಶೋ ಸಾಲಿನ, ಅಂದರೆ ಡಾಗ್ ಶೋಗೆಂದೇ ಬೆಳೆಸಿದ ಶೆಫರ್ಡ್ ಗಂಡು ತರಿಸಿ ಕ್ರಾಸ್ ಮಾಡಿಸಿದೆ. ಆರು ಮರಿ ಬಂದವು. ಅದರಲ್ಲಿ ಕೂದಲು ಒತ್ತಾಗಿ, ಕಿವಿ ನೆಟ್ಟಗೆ ನಿಂತ ಗಂಡುಮರಿಯನ್ನು ನಾನು ಇಟ್ಟುಕೊಂಡೆ. ತಾಯಿಯ ಹಾಗೆ ಸಣಕಲಾಗಿ, ಒಂದು ಕಿವಿ ಜೋತುಬಿದ್ದ ಹೆಣ್ಣುಮರಿಯನ್ನು ಯಾರೂ ಕೇಳಲಿಲ್ಲ. ತೋಟದ ಕೆಲಸದವರಿರುವ ನಮ್ಮ ಲೈನ್ ಮನೆಯಲ್ಲಿದ್ದ ಒಬ್ಬ ಅಜ್ಜಿ ತೆಗೆದುಕೊಂಡು ಹೋದರು.

ನನ್ನ ರಾಜ ಬೆಳೆದ. ಬಂದವರೆಲ್ಲ ಫೋಟೋ ತೆಗೆಯುತ್ತಿದ್ದರು. ಆದರೆ ಜುಲೈ-ಆಗಸ್ಟ್‌ನ ಕಕ್ಕಡದ ಮಳೆ ಶುರುವಾದರೆ ಅವನ ಮೈ ಒಣಗುವುದೇ ಇಲ್ಲ. ಒಳಗೂದಲಿನಲ್ಲಿ ಉಣ್ಣಿ ಸೇರಿಕೊಂಡರೆ ಬೆರಳಿಗೂ ಸಿಗುವುದಿಲ್ಲ. ಎರಡು ಸಲ ಉಣ್ಣಿ ಜ್ವರ ಬಂದು ಸಾಯುವುದು ಉಳಿಯಿತು. ನಾಲ್ಕನೇ ವರ್ಷಕ್ಕೆ ಮನೆಯಿಂದ ಕಣಕ್ಕೆ ಇಳಿಯುವ ಜಾಗದಲ್ಲಿ ಹಿಂಗಾಲು ಜಾರತೊಡಗಿತು. ಎಕ್ಸ್‌ರೇ ತೆಗೆಸಿದಾಗ ಸೊಂಟದ ಕೀಲು ಗುಳಿಯಲ್ಲಿ ಸರಿಯಾಗಿ ಕೂತಿಲ್ಲ, ಹಿಪ್ ಡಿಸ್ಪ್ಲೇಸಿಯಾ ಅಂದರು. ನಮ್ಮ ತೋಟದಲ್ಲಿ ಸಮತಟ್ಟು ಜಾಗ ಎಲ್ಲಿದೆ, ಹೇಳಿ? ಪಾಪ, ಕೊನೆಯ ಎರಡು ವರ್ಷ ಅವನು ಜಗಲಿ ಬಿಟ್ಟು ಇಳಿಯಲಿಲ್ಲ.

ಕೆಲಸದ ವಿಷಯ ಕೇಳಿ. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿತ್ತು. ರಾಜ ವಾಹನಕ್ಕೂ ಬೊಗಳುತ್ತಿದ್ದ, ಬೀಳುವ ಎಲೆಗೂ ಬೊಗಳುತ್ತಿದ್ದ, ಬೆಳದಿಂಗಳಿಗೂ ಬೊಗಳುತ್ತಿದ್ದ. ಹಾಗಾಗಿ ನಾವು ಕಿವಿಗೊಡುವುದನ್ನೇ ಬಿಟ್ಟಿದ್ದೆವು. ಒಂದು ರಾತ್ರಿ ಅಜ್ಜಿಯ ಆ ಜೋಲುಕಿವಿಯ ನಾಯಿ ಕಣದ ಅಂಚಿಗೆ ಬಂದು ನಿಂತಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮುಂಗಾಲು ಒಂದು ಎತ್ತಿ, ಮೂಗು ಗಾಳಿಗೆ ಹಿಡಿದು, ಒಂದು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಮೂರೇ ಮೂರು ಸಲ ಬೊಗಳಿತು, ಗಂಟಲಿನ ಆಳದಿಂದ. ಹಿಂದೆ ಸರಿದು ಮತ್ತೆ ನಿಂತಿತು. ಟಾರ್ಚ್ ಹಾಕಿದರೆ ಸಿಲ್ವರ್ ಮರದ ಸಾಲಿನ ಆಚೆ ಒಂಟಿ ಸಲಗ. ಆ ನಾಯಿ ಮೂರು ಸಲ ಬೊಗಳದೇ ಇದ್ದಿದ್ದರೆ ನಾನು ಮೋಟರ್ ಸ್ವಿಚ್ ಹಾಕಲು ಅದೇ ದಾರಿಯಲ್ಲಿ ಹೋಗುವವನಿದ್ದೆ.

ಅದು ಆನೆಯ ಮೇಲೆ ಹೋಗಲಿಲ್ಲ, ಗಮನಿಸಿ. ನಮ್ಮ ಕಡೆ ಇದು ದೊಡ್ಡ ವಿಷಯ. ಆನೆಯನ್ನು ಕೆಣಕಿ ಹೆದರಿ ಯಜಮಾನನ ಕಾಲಬುಡಕ್ಕೆ ಓಡಿ ಬರುವ ನಾಯಿ ಆನೆಯನ್ನೂ ಬೆನ್ನಿಗೆ ಕರೆದುಕೊಂಡು ಬರುತ್ತದೆ. ಅಜ್ಜನ ಕಾಲದಲ್ಲಿ ಹಂದಿ ಬೇಟೆಗೆ ನುಗ್ಗುವ ನಾಯಿಯೇ ಒಳ್ಳೆಯ ನಾಯಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಈಗ ನಮಗೆ ಬೇಕಾದದ್ದು ದೂರ ನಿಂತು ಸುದ್ದಿ ಕೊಡುವ ನಾಯಿ. ಹಾಗಾಗಿ ಕೆಲಸ ನೋಡಿ ಆರಿಸುತ್ತೇನೆ ಅನ್ನುವವರೂ ಯಾವ ಕೆಲಸ ಅಂತ ಮೊದಲು ಯೋಚಿಸಬೇಕು. ನುಗ್ಗುವ ಗಂಡಿನ ಮರಿ ನುಗ್ಗುವ ಸಾಧ್ಯತೆಯೇ ಜಾಸ್ತಿ.

ಮರಿ ಆರಿಸುವಾಗ ನಾವು ಏನು ನೋಡುತ್ತೇವೋ ಅದು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ, ನೋಡದೇ ಬಿಟ್ಟದ್ದು ಮೆಲ್ಲಗೆ ಕಳೆದುಹೋಗುತ್ತದೆ. ನಾನು ಕಿವಿ, ಕೂದಲು ನೋಡಿದೆ. ಅವೇ ಸಿಕ್ಕಿದವು. ಬೊಳ್ಳಿಯ ಬುದ್ಧಿಯನ್ನು ಲೈನ್ ಮನೆಗೆ ಕಳಿಸಿಬಿಟ್ಟೆ.

ಗದ್ದೆ ಮನೆಯ ಗಂಡನ್ನೂ ಸುಮ್ನೆ ಒಪ್ಪಬೇಡಿ. ನಾಡ ನಾಯಿ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ರಾತ್ರಿ ಹೋಗಿ ನೋಡಿ. ಕೋಳಿ ಹಿಡಿಯುತ್ತದಾ, ಮಕ್ಕಳ ಹತ್ತಿರ ಹೇಗಿದೆ, ಕೆಲಸದವರನ್ನು ಕಚ್ಚಿದೆಯಾ, ಎಲ್ಲ ಕೇಳಿ.

ವಿರಾಜಪೇಟೆಯಿಂದ, ಸೇನೆಯ ನಾಯಿ ಪಡೆಯಲ್ಲಿದ್ದವರು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಶೆಫರ್ಡ್ ತಳಿಯ ಪರವಾಗಿ ಮಾತ್ರ ಒಂದು ಮಾತು. ಜರ್ಮನಿಯಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನುವವರು 1899ರಲ್ಲಿ ಹೋರಾಂಡ್ ಅನ್ನುವ ನಾಯಿಯಿಂದ ಈ ತಳಿಯನ್ನು ಶುರು ಮಾಡಿದಾಗ ಅವರ ಹಟ ಒಂದೇ, ನಾಯಿ ಕೆಲಸಕ್ಕೆ ಬರಬೇಕು. ಕುರಿ ಕಾಯುವ ನಾಯಿಗಳಿಂದ ಬಂದ ರಕ್ತ ಅದು. ಆಮೇಲೆ ಶೋ ರಿಂಗ್‌ನಲ್ಲಿ ಇಳಿಜಾರು ಬೆನ್ನು, ತೇಲುವಂಥ ಓಟ ಇವಕ್ಕೆ ಬೆಲೆ ಬಂತು. ಈಗ ಒಂದೇ ಹೆಸರಿನ ತಳಿಯಲ್ಲಿ ಶೋ ಸಾಲು ಬೇರೆ, ಕೆಲಸದ ಸಾಲು ಬೇರೆ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿ ಬೆನ್ನು ನೋಡಿದರೆ ಮಗುವಿಗೂ ಗೊತ್ತಾಗುತ್ತದೆ.

ನಮ್ಮ ಮುಧೋಳ ನಾಯಿಯೂ ಕೆಲಸದಿಂದಲೇ ಹೆಸರಾದದ್ದು. 2016ರಲ್ಲಿ ಮುಧೋಳದ ಮರಿಗಳನ್ನು ಮೀರತ್‌ನ ಸೇನಾ ಕೇಂದ್ರಕ್ಕೆ ಒಯ್ದರು. ಆದರೆ ಅದು ಬಯಲುಸೀಮೆಯ ನಾಯಿ, ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವ ಜಾತಿ. ಹತ್ತಡಿ ಆಚೆ ಏನೂ ಕಾಣದ ಕಾಫಿ ಗಿಡದ ನಡುವೆ ಅದಕ್ಕೇನು ಕೆಲಸ? ಸಣ್ಣ ಕೂದಲು, ನಮ್ಮ ಚಳಿಗೆ ನಡುಗುತ್ತದೆ. ಯಾರಾದರೂ ತೋಟಕ್ಕೆ ಮುಧೋಳ ತನ್ನಿ ಅಂದರೆ ಕೇಳಬೇಡಿ.

ಮರಿ ಆರಿಸುವಾಗ ಹೀಗೆ ಮಾಡಿ. ಏಳೆಂಟು ವಾರ ಆದಾಗ ಒಂದೊಂದನ್ನೇ ಹೊಸ ಜಾಗಕ್ಕೆ ಕರೆದೊಯ್ಯಿರಿ. ಸ್ವಲ್ಪ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚುವುದು ತಪ್ಪಲ್ಲ, ಎಲ್ಲ ಮರಿಯೂ ಬೆಚ್ಚುತ್ತದೆ. ಬೆಚ್ಚಿದ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ನೋಡಿ. ಮೂಲೆ ಸೇರಿ ಈಚೆ ಬರದಿದ್ದರೆ ಬೇಡ. ಕಣ್ಣು ಮುಚ್ಚಿ ತಟ್ಟೆಯ ಮೇಲೆ ಎರಗುವುದೂ ನಿಮಗೆ ಬೇಡ. ಸ್ವಲ್ಪ ಹೊತ್ತು ನಿಂತು, ಮೂಗು ಚಾಚಿ, ನಿಧಾನ ಹತ್ತಿರ ಬಂದು ಮೂಸುವ ಮರಿಯನ್ನು ಇಟ್ಟುಕೊಳ್ಳಿ. ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ, ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ.

ಸೋಮವಾರಪೇಟೆಯಿಂದ:

ಕೆಲಸದ ತಳಿ ಅಂತ ನನ್ನ ತಮ್ಮ ಬಾರ್ಡರ್ ಕಾಲಿ ತಂದ. ಕಪ್ಪು ಬಿಳುಪು, ಬಹಳ ಚಂದ. ಬ್ರಿಟನ್ನಿನಲ್ಲಿ 1906ರಿಂದ ಇದಕ್ಕೊಂದು ಸಂಘವಿದೆ, ಕುರಿ ಮೇಯಿಸುವ ಸಾಮರ್ಥ್ಯ ನೋಡಿಯೇ ಬೆಲೆ ಕಟ್ಟುವುದು. ಶೋ ನಾಯಿಗಳ ತಳಿ ದಾಖಲಿಸುವ ಅಲ್ಲಿನ ಕೆನಲ್ ಕ್ಲಬ್ ಇದನ್ನು ತಳಿ ಅಂತ ಒಪ್ಪಿದ್ದೇ 1976ರಲ್ಲಿ. ಅಷ್ಟು ಕಾಲ ಕೆಲಸ ನೋಡಿ ಬೆಳೆಸಿದ್ದು ರಕ್ತದಲ್ಲಿ ಗಟ್ಟಿಯಾಗಿ ಕೂತಿದೆ. ಇಲ್ಲಿ ಕುರಿ ಎಲ್ಲಿ? ಕೋಳಿಗಳನ್ನು ಸುತ್ತುಗಟ್ಟಿ ಮೂಲೆಗೆ ನಿಲ್ಲಿಸಿತು. ಕಾಫಿ ಕೊಯ್ಯಲು ಬಂದ ಹೆಂಗಸರ ಹಿಮ್ಮಡಿಗೆ ಬಾಯಿ ಹಾಕಿ ಒಟ್ಟುಗೂಡಿಸಿತು. ಕೆಲಸ ಸಿಗದೆ ತನ್ನ ಬಾಲವನ್ನೇ ಕಚ್ಚಿ ಗಾಯ ಮಾಡಿಕೊಂಡಿತು. ನಾಯಿಯದ್ದು ಏನೂ ತಪ್ಪಿಲ್ಲ. ಕೊನೆಗೆ ಕುರಿ ಸಾಕುವ ಒಬ್ಬರಿಗೆ ಕೊಟ್ಟೆವು. ಈಗ ಚೆನ್ನಾಗಿದೆ.

ನಾಪೋಕ್ಲುವಿನಿಂದ:

ನಾನು ಇಪ್ಪತ್ತು ವರ್ಷ ಶೋಗೆ ನಾಯಿ ಬೆಳೆಸಿದವನು. ಎಲ್ಲರೂ ಸೇರಿ ಚಂದ ಅನ್ನುವುದನ್ನೇ ಪಾಪ ಮಾಡಬೇಡಿ. ನೇರ ಕಾಲು, ಗಟ್ಟಿ ಎದೆ, ಸಮ ನಡಿಗೆ ಇವೂ ಚಂದವೇ, ಕೆಲಸಕ್ಕೂ ಬೇಕು. ಒಳ್ಳೆಯ ಬ್ರೀಡರ್ ಸೊಂಟದ ಎಕ್ಸ್‌ರೇ ಇಲ್ಲದೆ ಗಂಡು ಬಿಡುವುದಿಲ್ಲ. ಆ ಪಕ್ಕದ ತೋಟದವರ ಹತ್ತಿರ ಎಕ್ಸ್‌ರೇ ಇದೆಯಾ ಕೇಳಿ. ಇಲ್ಲ ಅಂದರೆ ಮಾತು ಅಲ್ಲಿಗೆ ಮುಗಿಯಿತು.

ಚಂದ ಅತಿಯಾದರೆ ಏನಾಗುತ್ತದೆ ಅಂತ ನಾನೂ ಕಣ್ಣಾರೆ ಕಂಡಿದ್ದೇನೆ. ಬುಲ್‌ಡಾಗ್ ಒಂದು ಕಾಲದಲ್ಲಿ ಗೂಳಿಯ ಜೊತೆ ಕಾದುತ್ತಿದ್ದ ನಾಯಿ. 1835ರಲ್ಲಿ ಇಂಗ್ಲೆಂಡಿನಲ್ಲಿ ಆ ಕಾಳಗ ನಿಷೇಧವಾಯಿತು. ಕೆಲಸ ಹೋಯಿತು, ರೂಪ ಮಾತ್ರ ಉಳಿಯಿತು, ಅದನ್ನೇ ಹಿಗ್ಗಿಸುತ್ತ ಹೋದರು. ಈಗ ಮೂಗು ಒಳಗೆ ಹೋಗಿ ಉಸಿರಾಡಲು ಕಷ್ಟ, ತಲೆ ದೊಡ್ಡದಾಗಿ ಹೆಚ್ಚಿನವು ಆಪರೇಷನ್ ಮಾಡಿಯೇ ಹುಟ್ಟುವುದು. ಅಂಥ ಒಂದು ಹೆಣ್ಣಿನ ಪಕ್ಕ ರಾತ್ರಿಯಿಡೀ ಕೂತವನು ನಾನು. ಅದಾದ ಮೇಲೆ ಮೂಗು ಚಪ್ಪಟೆ ಇರುವ ಯಾವ ತಳಿಯನ್ನೂ ಮುಟ್ಟಲಿಲ್ಲ.

ಇನ್ನೊಂದು, ಮರಿ ಮಾರುವ ಯೋಚನೆ ಮಗನಿಗಿದ್ದರೆ 2017ರ ನಿಯಮ ಓದಲು ಹೇಳಿ. ವ್ಯಾಪಾರಕ್ಕೆ ಮರಿ ಹಾಕಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಎಂಟು ವಾರ ಆಗದ ಮರಿಯನ್ನು ಮಾರುವ ಹಾಗಿಲ್ಲ.

ಮಡಿಕೇರಿಯಿಂದ, ಪಶುವೈದ್ಯೆ:

ಚಂದ ಅಪ್ಪನದ್ದು, ಬುದ್ಧಿ ಅಮ್ಮನದ್ದು ಅಂತ ಪಾಲು ಮಾಡಿ ಹುಟ್ಟುವುದಿಲ್ಲ. ಉಲ್ಟಾನೂ ಆಗಬಹುದು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಇತ್ತು. ಒಂದೊಂದು ನಾಯಿಯ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ಹೇಳಬಹುದಾದದ್ದು ಶೇಕಡಾ 9ರಷ್ಟು ಮಾತ್ರ. ಅದಕ್ಕೇ ತಳಿಯ ಹೆಸರು ಬಿಟ್ಟು ಎದುರಿಗಿರುವ ಆ ಗಂಡನ್ನೇ ನೋಡಿ, ಆಗುವುದಾದರೆ ಅದರ ಅಮ್ಮನನ್ನೂ ನೋಡಿ.

ಸ್ವಭಾವ ಆರಿಸಿದರೆ ರೂಪವೂ ಜೊತೆಗೆ ಬದಲಾಗಬಹುದು ಅನ್ನುವುದಕ್ಕೆ ರಷ್ಯಾದ ನರಿಗಳ ಉದಾಹರಣೆ ಕೊಡುತ್ತಾರೆ. 1959ರಲ್ಲಿ ಬೆಲ್ಯಾಯೆವ್ ಅನ್ನುವ ವಿಜ್ಞಾನಿ ನೊವೊಸಿಬಿರ್ಸ್ಕ್‌ನಲ್ಲಿ ಮನುಷ್ಯರಿಗೆ ಹೆದರದ ನರಿಗಳನ್ನೇ ಆರಿಸಿ ಮರಿ ಹಾಕಿಸತೊಡಗಿದರು. ರೂಪವನ್ನು ಲೆಕ್ಕಕ್ಕೇ ಇಡಲಿಲ್ಲ. ಕೆಲವು ತಲೆಮಾರಿನಲ್ಲೇ ಜೋಲು ಕಿವಿ, ಸುರುಳಿ ಬಾಲ, ಮೈಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡವು. ಮೇಲೆ ಹೇಳಿದ ಆ ಜೋಲುಕಿವಿಯ ನಾಯಿಯ ಬಗ್ಗೆ ಓದಿದಾಗ ನನಗೆ ಇದೇ ನೆನಪಾಯಿತು.

ಅಕ್ಕಾ, ಈಗ ಮುಖ್ಯವಾದದ್ದು. ಬೆದೆ ಸುಮಾರು ಮೂರು ವಾರ ಇರುತ್ತದೆ. ಅಷ್ಟೂ ದಿನ ಕಾಳಿಯನ್ನು ಗೂಡಿನಲ್ಲೇ ಇಡಿ, ಹೊರಗೆ ಕರೆದೊಯ್ಯುವಾಗ ಹಗ್ಗ ಬಿಡಬೇಡಿ. ಎರಡು ಗಂಡು ಸೇರಿದರೆ ಒಂದೇ ಸಲದ ಮರಿಗಳಿಗೆ ಇಬ್ಬರು ಅಪ್ಪಂದಿರು ಆಗಬಹುದು. ಆಮೇಲೆ ಯಾವುದು ಯಾರದ್ದು ಅಂತ ಹೇಳಲು ಬರುವುದಿಲ್ಲ. ಗರ್ಭ ಸುಮಾರು 63 ದಿನ. ಲೆಕ್ಕ ಹಾಕಿ, ಮರಿಗಳು ಜೋರು ಮಳೆಯಲ್ಲಿ ಹುಟ್ಟುವ ಹಾಗಿದ್ದರೆ ಈ ಬೆದೆ ಬಿಟ್ಟುಬಿಡಿ. ಒದ್ದೆ ನೆಲದಲ್ಲಿ ಎಳೆಮರಿಗಳನ್ನು ಉಳಿಸುವುದು ಬಹಳ ಕಷ್ಟ. ಅದಕ್ಕೂ ಮೊದಲೇ ಕಾಳಿಗೆ ಲಸಿಕೆ, ಜಂತುಹುಳದ ಔಷಧಿ ಮುಗಿದಿರಲಿ. ಗಂಡಿಗೂ ರೇಬಿಸ್ ಲಸಿಕೆ ಹಾಕಿಸಿ, ನಾಡ ನಾಯಿಗೆ ಯಾರೂ ಹಾಕಿಸಿರುವುದಿಲ್ಲ. ರಾತ್ರಿ ತಾಯಿ ಮರಿಗಳನ್ನು ಜಾಲರಿ ಹಾಕಿದ ಗೂಡಿನಲ್ಲಿಡಿ. ಚಿರತೆ ಬರುವ ಭಯವಿದೆ.

ಕೇಳಿದವರು ಮತ್ತೆ, ಹತ್ತು ದಿನ ಬಿಟ್ಟು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪಕ್ಕದ ತೋಟದವರನ್ನು ಕೇಳಿದೆವು, ಎಕ್ಸ್‌ರೇ ತೆಗೆಸಿಲ್ಲವಂತೆ. ಒಳ್ಳೆಯ ಜನ, ಬೇಸರ ಮಾಡಿಕೊಳ್ಳಲಿಲ್ಲ. ಮಗ ಎರಡು ರಾತ್ರಿ ಗದ್ದೆ ಮನೆಯ ಜಗಲಿಯಲ್ಲಿ ಮಲಗಿ ಬಂದ. ಮೊದಲ ರಾತ್ರಿ ಕಂದು ನಾಯಿ ಬಾಯಿಯೇ ಬಿಡಲಿಲ್ಲ. ಇದೇನು ಕಾವಲು ಅಂತ ಮಗ ಗೊಣಗಿದ. ಎರಡನೇ ರಾತ್ರಿ ಎರಡು ಗಂಟೆಗೆ ಎದ್ದು ಗದ್ದೆಯ ಬದುವಿನವರೆಗೆ ಹೋಗಿ, ಅಲ್ಲೇ ನಿಂತು ಬೊಗಳಿತಂತೆ. ಟಾರ್ಚ್ ಹಾಕಿದರೆ ಮರಿ ಕಟ್ಟಿಕೊಂಡ ಹಂದಿ. ನಾಯಿ ಬದು ದಾಟಲಿಲ್ಲ. ಹಂದಿಗಳು ಕಾಡಿನ ಕಡೆ ತಿರುಗಿದ ಮೇಲೆ ವಾಪಸ್ ಬಂದು ಮಗನ ಕಾಲ ಹತ್ತಿರ ಮಲಗಿತಂತೆ.

ಬೆಳಿಗ್ಗೆ ಬಂದವನೇ ಜರ್ಮನ್ ಶೆಫರ್ಡ್ ವಿಷಯ ಎತ್ತಲಿಲ್ಲ. ಗೂಡಿಗೆ ಎಷ್ಟು ಅಡಿ ಜಾಲರಿ ಬೇಕು ಅಂತ ಅಳತೆ ಮಾಡುತ್ತಿದ್ದಾನೆ. ಶನಿವಾರ ಕಂದು ನಾಯಿಗೆ ಲಸಿಕೆ ಹಾಕಿಸುತ್ತೇವೆ. ಕಾಳಿ ಜೂನ್‌ನಲ್ಲಿ ಬೆದೆಗೆ ಬಂದರೆ ಬಿಡುತ್ತೇವೆ, ಅದರ ಮುಂದಿನ ಸಲ ನೋಡುತ್ತೇವೆ.